ಸೀಟಿನ ಕೆಳಗೆ ಒಂದು ಗೇಣು

ನಿಮ್ಮ ಕೆಲಸ ಏನೆಂದು ಯಾರಾದರೂ ಕೇಳಿದರೆ ಮೊದಲೆಲ್ಲ ತಮಾಷೆಯಾಗಿ ಹೇಳುತ್ತಿದ್ದೆ: ದಿನಕ್ಕೆ ಒಂದು ಸಲ ಒಂದು ಗಾಡಿಯನ್ನು ಸಿಡಿಸುತ್ತೇನೆ, ಆಮೇಲೆ ಆರು ಗಂಟೆಯ ಲೋಕಲ್ ರೈಲು ಹಿಡಿದು ಮನೆಗೆ ಬರುತ್ತೇನೆ. ಕೇಳಿದವರು ನಗುತ್ತಿದ್ದರು. ಈಗ ಯಾರಾದರೂ ಕೇಳಿದರೆ ಇಂಜಿನಿಯರ್ ಎಂದಷ್ಟೇ ಹೇಳಿ ಮಾತು ಬದಲಿಸುತ್ತೇನೆ.

ಪುಣೆ ಹತ್ತಿರ ತಳೇಗಾಂವ ದಾಭಾಡೆಯಲ್ಲಿರುವ ನಮ್ಮ ಕಂಪನಿ ಭದ್ರತಾ ಪಡೆಯ ಜವಾನರು ಓಡಾಡುವ ಕವಚದ ಗಾಡಿಗಳನ್ನು ಮಾಡುತ್ತದೆ. ನೆಲದಲ್ಲಿ ಹೂತಿಟ್ಟ ಬಾಂಬು ಹೊಟ್ಟೆಯ ಕೆಳಗೇ ಸಿಡಿದರೂ ಒಳಗಿನವರು ಬದುಕಬೇಕು, ಅಂಥ ಗಾಡಿ. ಉಕ್ಕು ಕತ್ತರಿಸುವ ಮೊದಲೇ ಆ ಗಾಡಿಯನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಕೆಳಗೆ ಬಾಂಬು ಸಿಡಿಸಿ, ಒಳಗೆ ಕೂತವನಿಗೆ ಏನಾಗುತ್ತದೆ ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಹನ್ನೆರಡು ವರ್ಷದಿಂದ ಅದನ್ನೇ ಮಾಡಿದ್ದೇನೆ. ಒಳಗೆ ಕೂರುವವನು ಲೆಕ್ಕದ ಮನುಷ್ಯ, ಒಂದು ಗೊಂಬೆ. ಅವನಿಗೆ ನಾನು ಶೀನ ಎಂದು ಹೆಸರಿಟ್ಟಿದ್ದೆ. ನಮ್ಮ ಪಪ್ಪನ ಹೋಟೆಲಿನಲ್ಲಿ ಹಿಂದೆ ಶೀನ ಎಂಬ ಮಾಣಿ ಇದ್ದ, ಬೈದರೂ ಹೊಗಳಿದರೂ ಮುಖ ಬದಲಾಗುತ್ತಿರಲಿಲ್ಲ. ಈ ಶೀನನೂ ಹಾಗೆಯೇ. ಎಪ್ಪತ್ತೆಂಟು ಕೆ.ಜಿ. ತೂಕ, ಬೆನ್ನು ನೆಟ್ಟಗೆ, ಬೆಲ್ಟು ಬಿಗಿ, ಪಾದಗಳು ಇಡಬೇಕಾದ ಜಾಗದಲ್ಲೇ. ನನ್ನನ್ನು ನೋಡಲು ಬಂದ ಗಂಡುಗಳಲ್ಲಿ ಇಷ್ಟು ಹೇಳಿದ ಮಾತು ಕೇಳುವವನು ಒಬ್ಬನೂ ಇರಲಿಲ್ಲ. ಶೀನನಿಗೆ ಹಸಿವಿಲ್ಲ, ಬೆವರಿಲ್ಲ, ಬಾಯಾರಿಕೆಯಿಲ್ಲ. ಈ ಕೊನೆಯದನ್ನು ನಾನು ಆಗ ಗಮನಿಸಿರಲಿಲ್ಲ.

ಸೀಟಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಆ ಗಾಡಿಯಲ್ಲಿ ಸೀಟು ನೆಲದ ಮೇಲೆ ನಿಂತಿರುವುದಿಲ್ಲ, ಗೋಡೆಯಲ್ಲಿ ತೂಗಿಕೊಂಡಿರುತ್ತದೆ. ಕೆಳಗೆ ಬಾಂಬು ಸಿಡಿದಾಗ ಗಾಡಿ ಮೇಲಕ್ಕೆ ಎಗರುತ್ತದೆ. ಆ ಕ್ಷಣಕ್ಕೆ ಸೀಟು ತನ್ನ ಹಳಿಯ ಮೇಲೆ ಒಂದು ಗೇಣು ಕೆಳಕ್ಕೆ ಜಾರುತ್ತದೆ. ಹಾಗೆ ಜಾರುತ್ತ ಏಟನ್ನು ತಾನೇ ನುಂಗಿಕೊಳ್ಳುತ್ತದೆ, ಕೂತವನ ಬೆನ್ನುಮೂಳೆಯವರೆಗೆ ಬಿಡುವುದಿಲ್ಲ. ಅದಕ್ಕೆ ಸೀಟಿನ ಕೆಳಗೆ ಒಂದು ಗೇಣು ಜಾಗ ಖಾಲಿ ಇರಬೇಕು. ಅಷ್ಟೇ ಅದರ ಗುಟ್ಟು.

ಇನ್ನು ನಮ್ಮ ಪಪ್ಪನ ಕುರ್ಚಿ. ಪಪ್ಪ ಎಂದರೆ ಸದಾನಂದ, ಪುಣೆಯ ಶಿವಾಜಿನಗರದಲ್ಲಿ ನಲವತ್ತು ವರ್ಷದಿಂದ ಹೋಟೆಲು ನಡೆಸುತ್ತಿರುವವರು. ಕಾರ್ಕಳದ ಕಡೆಯಿಂದ ಬಂದು ಪುಣೆಯವರಿಗೆ ನೀರುದೋಸೆ ತಿನ್ನಲು ಕಲಿಸಿದ್ದು ತಾನೇ ಎಂಬ ಜಂಬ ಅವರಿಗೆ ಇನ್ನೂ ಇಳಿದಿಲ್ಲ. ಗಲ್ಲಾದ ಹಿಂದೆ ಅವರ ಕುರ್ಚಿ. ಅದರ ಅಡಿಯಲ್ಲಿ ಏನಿದೆ ಎಂದು ಕೇಳಬೇಡಿ, ಏನಿಲ್ಲ ಎಂದು ಕೇಳಿ. ತೆಂಗಿನಕಾಯಿ ಚೀಲ, ಬಾಳೆಲೆ ಕಟ್ಟು, ಕೆಟ್ಟುಹೋದ ಮಿಕ್ಸಿ, ಯಾವುದೋ ಮಳೆಗಾಲದಲ್ಲಿ ಗಿರಾಕಿ ಮರೆತು ಹೋದ ಕೊಡೆ. ನಾನು ಶಾಲೆಗೆ ಹೋಗುವಾಗ ನನ್ನ ಬ್ಯಾಗೂ ಅಲ್ಲೇ. ಅಮ್ಮ ಗೊಣಗಿದರೆ ಪಪ್ಪನ ಉತ್ತರ ತಯಾರಿರುತ್ತಿತ್ತು.

“ಕುರ್ಚಿಯ ಅಡಿ ಖಾಲಿ ಬಿಡ್ಲಿಕ್ಕೆ ಇದೆಂತ ಅರಮನೆಯಾ ಮಾರಾಯ್ತಿ?”

ಇದನ್ನು ಕಣ್ಣಾರೆ ಕಂಡು ಬೆಳೆದವಳು ನಾನು, ಯಶ್ಮಿತಾ. ಆದರೂ ಕಂಪ್ಯೂಟರಿನೊಳಗೆ ಶೀನನ ಸೀಟಿನ ಕೆಳಗೆ ಖಾಲಿ ಜಾಗ ಬಿಟ್ಟೆ. ಹೊರಗಿನ ಲೋಕದಲ್ಲೂ ಅದು ಖಾಲಿಯೇ ಇರುತ್ತದೆ ಎಂದುಕೊಂಡೆ.

ಮೂರು ವರ್ಷದ ಹಿಂದೆ ಡಿಸೆಂಬರಿನಲ್ಲಿ, ಮೊದಲ ಗಾಡಿ ತಯಾರಾದಾಗ, ಅದನ್ನು ಓಡಿಸಿ ನೋಡಲು ಪಡೆಯಿಂದ ಏಳು ಜನ ಜವಾನರು ಬಂದು ನಮ್ಮಲ್ಲಿ ಎರಡು ವಾರ ಉಳಿದರು. ಚಾಲಕನ ಹೆಸರು ಸ್ವಪ್ನಿಲ್, ಇಲ್ಲೇ ಸಾಸವಡದವನು. ಅವನ ಬೆನ್ನ ಹಿಂದಿನ ಸೀಟಿನಲ್ಲಿ ಯಾವಾಗಲೂ ಕೂರುತ್ತಿದ್ದವನು ಮಿಥುನ. ಅಲ್ಲಿ ಕೂತರೆ ಸ್ವಪ್ನಿಲನ ಕಿವಿ ಹಿಂಡಲು ಕೈಗೆ ಸಿಗುತ್ತದೆ ಎಂದು ಅವನೇ ನನಗೆ ಹೇಳಿದ್ದ. ಬೇರೆ ಯಾರಾದರೂ ಆ ಸೀಟಿನಲ್ಲಿ ಕೂತರೆ ಮಿಥುನ ಮಾತಾಡದೆ ಅವರ ತೊಡೆಯ ಮೇಲೆ ಹೋಗಿ ಕೂತುಬಿಡುತ್ತಿದ್ದ.

ಎರಡನೆಯ ದಿನವೋ ಮೂರನೆಯ ದಿನವೋ, ಸ್ವಪ್ನಿಲ್ ಇಪ್ಪತ್ತು ಲೀಟರಿನ ನೀಲಿ ಕ್ಯಾನಿನಲ್ಲಿ ನೀರು ತುಂಬಿಸಿಕೊಂಡು ಗಾಡಿಯೊಳಗೆ ಅತ್ತಿಂದಿತ್ತ ತಿರುಗುತ್ತಿದ್ದ. ನಾವು ಮಾತಾಡಿದ್ದೆಲ್ಲ ಮರಾಠಿಯಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಮ್ಯಾಡಂ, ನೀರು ಎಲ್ಲಿ ಇಡೋದು?”

ನಾನು ಒಳಗೆ ಇಣುಕಿದೆ. ಬಂದೂಕಿಗೆ ಜಾಗ ಇತ್ತು, ವೈರ್‌ಲೆಸ್ಸಿಗೆ ಇತ್ತು, ಜ್ಯಾಕಿಗೆ ಇತ್ತು, ಹೆಲ್ಮೆಟ್ ತೂಗುಹಾಕಲು ಕೊಕ್ಕೆ ಕೂಡ ಇತ್ತು. ಏಳು ಜನ ಉರಿಬಿಸಿಲಿನಲ್ಲಿ ಕುಡಿಯುವ ನೀರಿಗೆ ಮಾತ್ರ ಜಾಗ ಇರಲಿಲ್ಲ. ಮೂವತ್ತು ಜನ ಇಂಜಿನಿಯರುಗಳು ಎರಡು ವರ್ಷ ಕೂತು ಮಾಡಿದ ಗಾಡಿ ಅದು. ನಮ್ಮ ಪ್ರತಿಯೊಬ್ಬರ ಮೇಜಿನ ಮೇಲೂ ಒಂದೊಂದು ನೀರಿನ ಬಾಟಲಿ ಇರುತ್ತಿತ್ತು.

ಅಷ್ಟರಲ್ಲಿ ಅವನೇ ಜಾಗ ಹುಡುಕಿದ್ದ. ಮಿಥುನನ ಸೀಟಿನ ಕೆಳಗೆ ಕ್ಯಾನು ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಸ್ವಪ್ನಿಲ್ ಅದರ ಮೇಲೆ ಕೈಯಿಟ್ಟು, ಹೊಸ ಗಾಡಿ ಕೊಂಡವನಂತೆ ನಕ್ಕ. ಇರಲಿ ಎಂದು ಫೋನಿನಲ್ಲಿ ಒಂದು ಫೋಟೋ ತೆಗೆದುಕೊಂಡೆ.

“ಅಲ್ಲಿ ಇಡಬಾರದು,” ಎಂದೆ.

“ಮತ್ತೆಲ್ಲಿ ಇಡೋದು?”

“ನೋಡೋಣ. ಹೇಳ್ತೇನೆ.”

ಅವನು ಕ್ಯಾನು ಹೊರಗೆ ತೆಗೆದ. ಯಾಕೆ ಇಡಬಾರದು ಎಂದು ಕೇಳಲಿಲ್ಲ. ಯಾಕೆ ಎಂದು ಕೇಳಿ ಅಭ್ಯಾಸವಿಲ್ಲದ ನೌಕರಿ ಅದು. ನಾನೂ ಹೇಳಲಿಲ್ಲ. ಆಮೇಲೆ ಇಬ್ಬರೂ ಗಾಡಿಯ ನೆರಳಿನಲ್ಲಿ ನಿಂತು ಚಹಾ ಕುಡಿದೆವು. ಆಷಾಢ ಏಕಾದಶಿಯ ಯಾತ್ರೆಗೆ ಹೊರಟ ಸಂತರ ಪಾಲಕಿ ಸಾಸವಡದಲ್ಲಿ ತಂಗುವಾಗ ತನ್ನ ಮನೆಯವರು ಅಂಗಳದಲ್ಲಿ ಹಂಡೆಗಳನ್ನಿಟ್ಟು ನಡೆದು ಬರುವ ವಾರಕರಿ ಭಕ್ತರಿಗೆಲ್ಲ ನೀರು ಕೊಡುತ್ತಾರೆ, ಅಜ್ಜನ ಕಾಲದಿಂದ ತಪ್ಪಿಲ್ಲ ಎಂದು ಹೇಳಿದ. “ನಮ್ಮ ಮನೆ ಮುಂದೆ ಬಾಯಾರಿದವನು ಹಾಗೇ ಹೋಗೋದಿಲ್ಲ ಮ್ಯಾಡಂ.” ಹದಿನೈದು ನಿಮಿಷ ಮಾತಾಡಿರಬೇಕು. ಬಾಂಬು ಸಿಡಿದರೆ ಸೀಟು ಕೆಳಗಿಳಿಯುತ್ತದೆ ಎಂದು ಹೇಳಲು ಅರ್ಧ ನಿಮಿಷ ಸಾಕಿತ್ತು.

ನಮ್ಮ ವಿಭಾಗದಲ್ಲಿ ಒಂದು ಪದ್ಧತಿ ಇದೆ. ಗಾಡಿಯ ಬಗ್ಗೆ ಬಂದ ಪ್ರಶ್ನೆಗಳನ್ನೆಲ್ಲ ಒಂದು ಪಟ್ಟಿಯಲ್ಲಿ ಬರೆದು, ಉತ್ತರ ಸಿಗದಿದ್ದರೆ ಕೆಂಪು, ಸಿಕ್ಕರೆ ಹಸಿರು ಬಣ್ಣ ಹಚ್ಚುತ್ತೇವೆ. ಪಟ್ಟಿ ಪೂರ್ತಿ ಹಸಿರಾದ ದಿನ ಇಡೀ ವಿಭಾಗ ಹೊರಗೆ ಹೋಗಿ ಖಾರದ ಮಿಸಳ್ ಪಾವ್ ತಿನ್ನಬೇಕು. ನೀರಿನ ಕ್ಯಾನಿಗೆ ಜಾಗ ಎಂಬುದನ್ನು ನಲವತ್ತೊಂದನೆಯ ಪ್ರಶ್ನೆಯಾಗಿ ನಾನೇ ಬರೆದೆ. ಆರು ವಾರ ಅದು ಕೆಂಪಾಗಿಯೇ ಇತ್ತು. ಹೊರಗಡೆ ಕ್ಯಾನು ಹಿಡಿದಿಡುವ ಬ್ರ್ಯಾಕೆಟ್ ಮಾಡಬೇಕೆಂದರೆ ಹೊಸ ನಕ್ಷೆ, ಹೊಸ ಪರೀಕ್ಷೆ. ಸೀಟಿನ ಕೆಳಗೆ ಏನನ್ನೂ ತುರುಕಲಾಗದಂತೆ ತಗಡು ಮುಚ್ಚಬೇಕೆಂದರೆ ತೂಕ. ಗಾಡಿಯ ತೂಕ ಆಗಲೇ ಒಪ್ಪಿದ್ದಕ್ಕಿಂತ ನಲವತ್ತು ಕೆ.ಜಿ. ಹೆಚ್ಚಾಗಿತ್ತು. ಅಲ್ಲದೆ ಮಾರ್ಚ್ ಮುಗಿಯುವುದರೊಳಗೆ ಗಾಡಿ ಒಪ್ಪಿಸಬೇಕಿತ್ತು.

ನಮ್ಮ ವಿಭಾಗದ ಮುಖ್ಯಸ್ಥರು ಅನಂತರಾಮು, ಮೈಸೂರಿನವರು. ನನಗೆ ಈ ಕೆಲಸ ಕಲಿಸಿದವರೇ ಅವರು. “ಈಗ ಹೊಸ ಬ್ರ್ಯಾಕೆಟ್ ಅಂದ್ರೆ ಎರಡು ತಿಂಗಳು ಹೋಗತ್ತೆ ಕಣಮ್ಮ,” ಎಂದರು. “ಸೀಟ್ ಕೆಳಗೆ ಏನೂ ಇಡಬೇಡಿ ಅಂತ ಮ್ಯಾನ್ಯುವಲ್‌ನಲ್ಲಿ ಒಂದು ಲೈನ್ ಹಾಕಿ ಕ್ಲೋಸ್ ಮಾಡ್ಬಿಡು.”

ಅವರನ್ನು ದೂರಿ ನಾನು ಒಳ್ಳೆಯವಳಾಗಬೇಕಾಗಿಲ್ಲ. ಬರೆದವಳು ನಾನು. ಮುನ್ನೂರು ಪುಟದ ಇಂಗ್ಲಿಷ್ ಪುಸ್ತಕ, ಇನ್ನೂರ ಹದಿನಾಲ್ಕನೆಯ ಪುಟ, ಕೆಳಗಿನಿಂದ ಮೂರನೆಯ ಸಾಲು. ಯಾಕೆ ಇಡಬಾರದು ಎಂದು ಅಲ್ಲಿಯೂ ಬರೆಯಲಿಲ್ಲ. ಬರೆದು ಮುಗಿಸಿ ನಲವತ್ತೊಂದಕ್ಕೆ ಹಸಿರು ಹಚ್ಚಿದೆ. ಅದೇ ಕೊನೆಯ ಕೆಂಪು. ಎಲ್ಲರೂ ಚಪ್ಪಾಳೆ ತಟ್ಟಿದರು, ಮಿಸಳ್ ತಿನ್ನಲು ಹೋದೆವು, ನಾನು ಎರಡು ಪಾವ್ ಹೆಚ್ಚೇ ತಿಂದೆ.

ಈ ವರ್ಷ ಏಪ್ರಿಲ್‌ನಲ್ಲಿ, ದೂರದ ಒಂದು ಕಾಡಿನ ರಸ್ತೆಯಲ್ಲಿ, ನಮ್ಮ ಗಾಡಿಯೊಂದರ ಕೆಳಗೆ ಬಾಂಬು ಸಿಡಿಯಿತು.

ಸುದ್ದಿ ಬಂದ ದಿನ ನಮ್ಮ ಮೀಟಿಂಗ್ ಕೋಣೆಯಲ್ಲಿ ಒಂದು ಬಗೆಯ ಸಂತೋಷ ಇತ್ತು. ಹೇಳಲು ನಾಚಿಕೆಯಾಗುತ್ತದೆ, ಆದರೆ ಇತ್ತು. ಗಾಡಿಯ ತಳ ಹರಿದಿರಲಿಲ್ಲ. ಏಳು ಜನರಲ್ಲಿ ಆರು ಜನರ ಪ್ರಾಣಕ್ಕೆ ಅಪಾಯವಿರಲಿಲ್ಲ. ನಮ್ಮ ಲೆಕ್ಕ ಸರಿಯಾಗಿತ್ತು. ಯಾರೋ ನನ್ನ ಬೆನ್ನು ತಟ್ಟಿದರು. ಏಳನೆಯವನು ಎರಡನೆಯ ದಿನ ಆಸ್ಪತ್ರೆಯಲ್ಲಿ ಸತ್ತ, ಬೆನ್ನುಮೂಳೆ ಮುರಿದಿತ್ತು. ಹೆಸರು ಒಂದು ವಾರದ ಮೇಲೆ ಬಂತು. ಮಿಥುನ.

ಫೋಟೋಗಳೂ ಬಂದವು. ಮಿಥುನನ ಸೀಟು ನಾಲ್ಕು ಬೆರಳಿನಷ್ಟು ಮಾತ್ರ ಜಾರಿ ನಿಂತಿತ್ತು. ಅದರ ಕೆಳಗೆ ಸೊಟ್ಟಗಾಗಿ ಬಾಯಿಬಿಟ್ಟ ನೀಲಿ ಕ್ಯಾನು.

ಪಡೆಯ ವಿಚಾರಣೆಯವರು ಕೇಳಿದಾಗ ಕ್ಯಾನು ಇಟ್ಟವನು ತಾನೇ ಎಂದು ಆ ಗಾಡಿ ಓಡಿಸುತ್ತಿದ್ದ ಸ್ವಪ್ನಿಲ್ ಹೇಳಿದನಂತೆ. ಕಾಲಿಗೆ ಪೆಟ್ಟಾಗಿದ್ದ ಅವನನ್ನು ರಜೆಯ ಮೇಲೆ ಊರಿಗೆ ಕಳಿಸಿದರು. ನಮ್ಮ ಕಂಪನಿಯ ವರದಿ ಜೂನ್ ಹೊತ್ತಿಗೆ ತಯಾರಾಯಿತು. ಗಾಡಿಯಲ್ಲಿ ದೋಷವಿಲ್ಲ, ಸೂಚನೆಗೆ ವಿರುದ್ಧವಾಗಿ ಚಾಲಕನು ಸೀಟಿನ ಕೆಳಗೆ ಸಾಮಾನು ಇಟ್ಟದ್ದೇ ಸಾವಿಗೆ ಕಾರಣ ಎಂದಿತ್ತು. ಆ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಕೆಳಗೆ ನನ್ನ ಹೆಸರು, ಸಹಿಗೆ ಜಾಗ. ಆ ಕಾಗದ ನನ್ನ ಮೇಜಿನ ಮೇಲೆ ಎರಡು ದಿನ ಇತ್ತು.

ಎರಡನೆಯ ದಿನ ಮಧ್ಯಾಹ್ನ, ಕ್ಯಾಂಟೀನಿನಲ್ಲಿದ್ದಾಗ, ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಹೆಂಗಸಿನ ದನಿ.

“ತಾಈ, ನಾನು ಸಾಸವಡದಿಂದ ಹರ್ಷದಾ. ಸ್ವಪ್ನಿಲ್ ಅವರ ಹೆಂಡತಿ. ಅವರ ಫೋನಿನಲ್ಲಿ ಗಾಡಿ ಮ್ಯಾಡಂ ಅಂತ ನಿಮ್ಮ ನಂಬರು ಇತ್ತು.”

ತಾಈ ಎಂದರೆ ಅಕ್ಕ. ನನ್ನನ್ನು ಕಂಡೇ ಇರದವಳು ಅಕ್ಕ ಎಂದು ಕರೆದಾಗ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

“ಅವರ ಕಾಲು ವಾಸಿಯಾಗ್ತಾ ಇದೆ. ಅವರು ವಾಸಿಯಾಗ್ತಾ ಇಲ್ಲ ತಾಈ. ಮಿಥುನನನ್ನು ನಾನೇ ಕೊಂದೆ ಅಂತಾರೆ. ಊಟ ಮಾಡೋದಿಲ್ಲ. ನೀರಿನ ಪಾತ್ರೆ ಮುಟ್ಟೋದಿಲ್ಲ, ಕುಡಿಯೋ ನೀರೂ ನಾನೇ ಹಿಡಿದು ಕುಡಿಸಬೇಕು. ನಿನ್ನೆ ಎರಡು ಗಂಟೆ ಬಾವಿಯ ಕಟ್ಟೆ ಮೇಲೆ ಕೂತಿದ್ದರು. ನನಗೆ ಹೆದರಿಕೆ ಆಗ್ತದೆ.” ದನಿ ತಗ್ಗಿಸಿದಳು. “ಗಾಡಿ ಮಾಡಿದವರು ನೀವು. ನಡೆದದ್ದು ಏನು ಅಂತ ನೀವೊಂದು ಸಲ ಬಂದು ಹೇಳಿ. ತಪ್ಪು ಅವರದ್ದೇ ಆದರೆ ಅದನ್ನಾದರೂ ಹೇಳಿ. ನಿಮ್ಮ ಮಾತು ಕೇಳ್ತಾರೆ.”

ಬರುತ್ತೇನೆ ಎಂದೆ. ಬೇರೆ ಏನು ಹೇಳಲು ಬಾಯಿ ಬರುತ್ತದೆ?

ಮರುದಿನ ಬೆಳಿಗ್ಗೆ ಮೂರು ವರ್ಷದ ಹಿಂದೆಯೇ ಮಾಡಬೇಕಾಗಿದ್ದ ಕೆಲಸ ಮಾಡಿದೆ. ಹಳೆಯ ಗಾಡಿಯನ್ನು ಕಂಪ್ಯೂಟರಿನಲ್ಲಿ ತೆರೆದು, ಶೀನನ ಸೀಟಿನ ಕೆಳಗೆ ಒಂದು ಕ್ಯಾನು ಕಟ್ಟಿ, ಅದರಲ್ಲಿ ಇಪ್ಪತ್ತು ಲೀಟರು ನೀರು ತುಂಬಿಸಿದೆ. ಎಂಟು ಗಂಟೆಗೆ ಲೆಕ್ಕಕ್ಕೆ ಹಚ್ಚಿದ್ದು ಸಂಜೆ ಐದಕ್ಕೆ ಮುಗಿಯಿತು. ತುಂಬಿದ ಕ್ಯಾನು ಎಂದರೆ ಕಲ್ಲೇ. ನೀರನ್ನು ಒತ್ತಿ ಸಣ್ಣದು ಮಾಡಲಾಗುವುದಿಲ್ಲ. ಸೀಟು ನಾಲ್ಕು ಬೆರಳು ಜಾರಿ, ಕ್ಯಾನಿಗೆ ಬಡಿದು ನಿಂತಿತು. ಶೀನನ ಬೆನ್ನುಮೂಳೆಯ ಮೇಲಿನ ಭಾರ ಮನುಷ್ಯ ತಡೆಯುವುದಕ್ಕಿಂತ ಎರಡೂವರೆ ಪಟ್ಟು. ಶೀನನ ಮುಖ ಬದಲಾಗಲಿಲ್ಲ. ನಾನು ಕಂಪ್ಯೂಟರ್ ಮುಂದೆ ಕೂತು ಅತ್ತೆ. ಒಂಬತ್ತು ತಾಸಿನ ಲೆಕ್ಕ ಅದು, ಮಿಸಳ್ ತಿಂದ ದಿನ ಬೆಳಿಗ್ಗೆ ಹಚ್ಚಿದ್ದರೆ ಸಂಜೆಗೆ ಸಿಕ್ಕಿರುತ್ತಿತ್ತು.

ಅದನ್ನು ಅನಂತರಾಮು ಅವರ ಮುಂದಿಟ್ಟೆ, ಜೊತೆಗೆ ಫೋನಿನಲ್ಲಿದ್ದ ಫೋಟೋ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

“ನೋಡಮ್ಮ ಯಶ್ಮಿತಾ, ನಾವು ಮ್ಯಾನ್ಯುವಲ್‌ನಲ್ಲಿ ಬರೆದಿದ್ದೀವಿ. ಪೇಜ್ ನಂಬರ್ ಸಮೇತ ಇದೆ. ಈಗ ಈ ಫೋಟೋ ಹೊರಗೆ ಬಂದ್ರೆ, ಗೊತ್ತಿದ್ದೂ ಸುಮ್ನಿದ್ರು ಅಂತಾರೆ.”

“ಗೊತ್ತಿದ್ದೂ ಸುಮ್ಮನೇ ಅಲ್ವಾ ಸರ್ ಇದ್ದದ್ದು?”

“ಸತ್ತವನು ವಾಪಸ್ ಬರ್ತಾನೇನಮ್ಮ?”

“ಇದ್ದವನೊಬ್ಬ ಬಾವಿಕಟ್ಟೆ ಮೇಲೆ ಕೂತಿದ್ದಾನೆ ಸರ್.”

ಅವರು ಫೋನನ್ನು ನನ್ನ ಕಡೆ ಸರಿಸಿದರು. ಆಮೇಲೆ ಮೆಲ್ಲಗೆ, “ನಲವತ್ತೊಂದರ ಕೆಳಗೆ ನಿನ್ನ ಹೆಸರಿನ ಪಕ್ಕದಲ್ಲಿ ನನ್ನ ಸಹಿನೂ ಇದೆ,” ಎಂದರು. ಹೆದರಿಸಲು ಹೇಳಿದ್ದಲ್ಲ ಅದು. ನನಗೆ ಅವರ ಮೇಲೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ.

ವರದಿಗೆ ಸಹಿ ಹಾಕಲಿಲ್ಲ. ಫೋಟೋ, ನಲವತ್ತೊಂದನೆಯ ಪ್ರಶ್ನೆ, ಹೊಸ ಲೆಕ್ಕ, ಮೂರನ್ನೂ ಸೇರಿಸಿ ನನ್ನದೇ ಒಂದು ಪುಟ ಬರೆದು ಮೇಲಿನವರಿಗೂ ವಿಚಾರಣೆಯವರಿಗೂ ಕಳಿಸಿದೆ. ಎರಡು ದಿನದ ಮೇಲೆ, ತೀರ್ಮಾನವಾಗುವವರೆಗೆ ಮನೆಯಲ್ಲಿರಿ ಎಂದು ನನ್ನ ಗುರುತಿನ ಚೀಟಿ ತೆಗೆದುಕೊಂಡರು. ಗೇಟಿನ ಕಾವಲುಗಾರ ಹನ್ನೆರಡು ವರ್ಷದ ಅಭ್ಯಾಸಬಲದಿಂದ ಸಲಾಮು ಹೊಡೆದ.

ಬೆಳಿಗ್ಗೆ ಹನ್ನೊಂದಕ್ಕೆ ನಾನು ಹೋಟೆಲಿನ ಬಾಗಿಲಲ್ಲಿ ನಿಂತದ್ದು ಕಂಡು ಪಪ್ಪನಿಗೆ ಆಶ್ಚರ್ಯ. “ಎಂತ ಮಗಾ, ಆಫೀಸು ಇಲ್ವಾ ಇವತ್ತು?” ಗಲ್ಲಾದ ಪಕ್ಕ ನಿಂತು ಎಲ್ಲ ಹೇಳಿದೆ. ಅವರು ನಡುವೆ ಬಾಯಿ ಹಾಕದೆ ಕೇಳಿದ್ದು ನನ್ನ ನೆನಪಿನಲ್ಲಿ ಅದೇ ಮೊದಲು.

“ನಿಂಗೆ ಗೊತ್ತಿತ್ತಲ್ಲ ಮಗಾ,” ಎಂದರು ಕೊನೆಗೆ. “ನೀನು ಈ ಕುರ್ಚಿಯ ಅಡಿಯಿಂದ ಬ್ಯಾಗ್ ಎಳ್ಕೊಂಡು ಶಾಲೆಗೆ ಹೋದವಳಲ್ವಾ?”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಪಪ್ಪ ಎದ್ದು, ಬಗ್ಗಿ, ಕುರ್ಚಿಯ ಅಡಿಯಿಂದ ಒಂದೊಂದೇ ಸಾಮಾನು ಹೊರಗೆಳೆದರು. ತೆಂಗಿನಕಾಯಿ ಚೀಲ, ಮಿಕ್ಸಿ, ಕೊಡೆ. ಯಾಕೆ ಎಂದು ಅವರಿಗೂ ಗೊತ್ತಿದ್ದಂತೆ ಕಾಣಲಿಲ್ಲ. ಅಷ್ಟರಲ್ಲಿ ಎಲೆ ಮಾರುವವನು ಬಂದು ಒಂದು ಕಟ್ಟು ಕೊಟ್ಟು ಹೋದ. ಪಪ್ಪ ಅದನ್ನು ಇಸಿದುಕೊಂಡು, ಗಿರಾಕಿಗೆ ಚಿಲ್ಲರೆ ಕೊಡುತ್ತ ಕೊಡುತ್ತ, ಕಾಲಿನಿಂದ ಕುರ್ಚಿಯ ಅಡಿಗೆ ತಳ್ಳಿದರು. ತಳ್ಳಿದ ಮೇಲೆ ತಾವೇ ನಿಂತು ಅದನ್ನು ನೋಡಿದರು. ನಾನೂ ನೋಡಿದೆ.

“ಸಾಸವಡಕ್ಕೆ ಹೋಗು,” ಎಂದರು. “ಬಾಯಲ್ಲಿ ಹೇಳು. ಕಾಗದದಲ್ಲಿ ಹೇಳಿದ್ದು ಸಾಕು.”

ಮರುದಿನ ಪಾಲಕಿ ಸಾಸವಡದ ದಾರಿಯಲ್ಲಿರುವ ದಿವೆ ಘಾಟ್ ಹತ್ತುವುದಿತ್ತು, ರಸ್ತೆ ಬಂದ್ ಆಗುತ್ತಿತ್ತು. ಅದಕ್ಕೆ ಅಂದೇ ಬಸ್ಸು ಹಿಡಿದು ಹೋದೆ. ಸ್ವಪ್ನಿಲನ ಮನೆ ಮುಖ್ಯ ರಸ್ತೆಯ ಮೇಲೇ ಇತ್ತು. ಅಂಗಳದಲ್ಲಿ ತೊಳೆದು ಬೋರಲು ಹಾಕಿದ ತಾಮ್ರದ ಹಂಡೆಗಳು. ಸಣ್ಣ ಮೈಕಟ್ಟಿನ ಹರ್ಷದಾ ಕೊಡದಲ್ಲಿ ನೀರು ತರುತ್ತಿದ್ದಳು. ನನ್ನನ್ನು ಕಂಡು ಕೊಡ ಇಳಿಸಿ, “ಪ್ರತಿ ವರ್ಷ ಇದೆಲ್ಲ ಅವರೇ ಮಾಡ್ತಿದ್ದರು,” ಎಂದು ಒಳಗೆ ಕೈ ತೋರಿಸಿದಳು.

ಸ್ವಪ್ನಿಲ್ ಗೋಡೆಗೊರಗಿ ಚಾಪೆಯ ಮೇಲೆ ಕೂತಿದ್ದ. ಸೊರಗಿ ಅರ್ಧ ಆಗಿದ್ದ. ನನ್ನನ್ನು ಕಂಡದ್ದೇ ಎದ್ದು ನಿಲ್ಲಲು ಹೋದ, ಪೆಟ್ಟಾದ ಕಾಲು ಬಿಡಲಿಲ್ಲ.

“ಮ್ಯಾಡಂ, ನೀವು ಅವತ್ತೇ ಹೇಳಿದ್ದಿರಿ,” ಎಂದ. “ಅಲ್ಲಿ ಇಡಬಾರದು ಅಂತ ಹೇಳಿದ್ದಿರಿ. ನಾನು ಕೇಳಲಿಲ್ಲ. ನಿಮ್ಮ ಗಾಡಿಗೂ ಕೆಟ್ಟ ಹೆಸರು ತಂದೆ. ತಪ್ಪಾಯಿತು.”

ಅವನು ನನ್ನಲ್ಲಿ ಕ್ಷಮೆ ಕೇಳುತ್ತಿದ್ದ. ಒಂದು ಕ್ಷಣ, ಸುಳ್ಳು ಹೇಳುವುದಿಲ್ಲ, ಒಂದೇ ಒಂದು ಕ್ಷಣ, ಇದನ್ನು ಹೀಗೇ ಬಿಟ್ಟು ಎರಡು ಸಮಾಧಾನದ ಮಾತಾಡಿ ಎದ್ದು ಹೋಗಬಹುದು ಎನ್ನಿಸಿತು. ಆಮೇಲೆ ಫೋನು ತೆಗೆದು ಆ ಫೋಟೋ ಅವನ ಕೈಗೆ ಕೊಟ್ಟೆ.

ಅವನು ತನ್ನ ಮುಖ ನೋಡಲಿಲ್ಲ. ಬೆರಳಿನಿಂದ ಫೋಟೋದ ಮೂಲೆಯನ್ನು ದೊಡ್ಡದು ಮಾಡಿದ. ಸೀಟಿನ ಅಂಚಿನಲ್ಲಿ ಹಸಿರು ಬಟ್ಟೆಯ ಒಂದು ತುಂಡು. ಮೂರು ವರ್ಷದಲ್ಲಿ ನಾನು ಅದನ್ನು ಕಂಡೇ ಇರಲಿಲ್ಲ.

“ಇದು ಮಿಥುನನ ಮೊಣಕಾಲು,” ಎಂದ.

ನಾನು ಹೇಳತೊಡಗಿದೆ. ಎಲ್ಲಿ ಇಡೋದು ಎಂದು ನೀವು ಕೇಳಿದಿರಿ, ಹೇಳ್ತೇನೆ ಎಂದೆ, ಹೇಳಲಿಲ್ಲ. ಆ ಪ್ರಶ್ನೆಯನ್ನು ಪಟ್ಟಿಯಲ್ಲಿ ಬರೆದೆ, ಆರು ವಾರದ ಮೇಲೆ ಉತ್ತರವಿಲ್ಲದೆಯೇ ಮುಚ್ಚಿದೆ. ನೀರಿಲ್ಲದೆ ಯಾರೂ ಹೋಗುವುದಿಲ್ಲ, ಬೇರೆ ಜಾಗ ಇಲ್ಲ, ಅಲ್ಲೇ ಇಡುತ್ತೀರಿ ಎಂದು ನನಗೆ ಗೊತ್ತಾಗಬೇಕಿತ್ತು. ಗೊತ್ತಿತ್ತು. ತಪ್ಪು ನನ್ನದು. ಇಷ್ಟನ್ನು ಹೇಳುವಷ್ಟರಲ್ಲಿ ನನ್ನ ಮರಾಠಿ ಮೂರು ಕಡೆ ಮುರಿಯಿತು.

ಹರ್ಷದಾ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಸ್ವಪ್ನಿಲ್ ತಲೆಯೆತ್ತಿದ.

“ಯಾಕೆ ಇಡಬಾರದು?”

ಮೂರು ವರ್ಷದಲ್ಲಿ ಅವನು ಆ ಮಾತು ಕೇಳಿದ್ದು ಅದೇ ಮೊದಲು. ನಾನು ಎಡಗೈ ಕೆಳಗೆ ಹಿಡಿದು, ಬಲಗೈಯನ್ನು ಮೇಲಿನಿಂದ ಮೆಲ್ಲಗೆ ಇಳಿಸಿ ತೋರಿಸಿದೆ. ಸೀಟು ಹೀಗೆ ಇಳಿಯುತ್ತದೆ, ಒಂದು ಗೇಣು. ಇಳಿದರೆ ಕೂತವನು ಬದುಕುತ್ತಾನೆ. ಕೆಳಗೆ ಏನಾದರೂ ಇದ್ದರೆ ಇಳಿಯುವುದಿಲ್ಲ.

“ಇಷ್ಟೇನಾ?”

“ಇಷ್ಟೇ.”

“ಇಷ್ಟು ಹೇಳೋದಕ್ಕೆ ಎಷ್ಟು ಹೊತ್ತು ಬೇಕಿತ್ತು ಮ್ಯಾಡಂ? ನಾವು ಚಹಾ ಕುಡಿದೆವಲ್ಲ ಅವತ್ತು!” ಅವನ ದನಿ ಏರಿತು. “ಹೇಳಿದ್ದರೆ ಆ ಕ್ಯಾನನ್ನು ನನ್ನ ತೊಡೆ ಮೇಲೆ ಇಟ್ಟುಕೊಂಡು ಗಾಡಿ ಓಡಿಸ್ತಿದ್ದೆ. ಇಡಬಾರದು ಅಂದರೆ ಬಣ್ಣ ಕೆಡ್ತದೆ ಅಂತಲೋ, ದೊಡ್ಡ ಸಾಹೇಬರು ಬೈತಾರೆ ಅಂತಲೋ ತಿಳಿದುಕೊಂಡಿದ್ದೆ. ಬೇಡ ಬೇಡ ಅಂತ ನಮಗೆ ದಿನಕ್ಕೆ ನೂರು ಹೇಳ್ತಾರೆ. ಯಾವ ಬೇಡದಲ್ಲಿ ಮಿಥುನ ಸಾಯ್ತಾನೆ ಅಂತ ನನಗೆ ಹೇಗೆ ಗೊತ್ತಾಗಬೇಕು?”

ಅವನು ಅಳುತ್ತಿದ್ದ, ಗಟ್ಟಿಯಾಗಿ, ಮುಖ ಮುಚ್ಚಿಕೊಳ್ಳದೆ. ಹರ್ಷದಾ ಬಂದು ಅವನ ಪಕ್ಕ ಕೂತು ಬೆನ್ನ ಮೇಲೆ ಕೈಯಿಟ್ಟಳು. ಇವತ್ತಿನವರೆಗೆ ಅತ್ತಿರಲಿಲ್ಲ ಎಂದು ಕಣ್ಣಿನಲ್ಲೇ ನನಗೆ ಹೇಳಿದಳು.

“ತಪ್ಪು ನನ್ನದು,” ಎಂದು ಮತ್ತೆ ಹೇಳಿದೆ.

“ಇರಲಿ, ನಿಮ್ಮದೂ ಇರಲಿ,” ಎಂದ ಅವನು, ಮೂಗು ಒರೆಸಿಕೊಂಡು. “ತುಂಬಿಸಿ ಇಟ್ಟದ್ದು ಈ ಕೈ. ಅದು ಹೋಗೋದಿಲ್ಲ.” ಆಮೇಲೆ ಕೇಳಿದ: “ಮಿಕ್ಕ ಗಾಡಿಗಳಿಗೆ ಏನು ಮಾಡಿದ್ದೀರಿ?”

“ಸೀಟಿನ ಕೆಳಗೆ ಏನೂ ಇಡಬಾರದು ಅಂತ ಮತ್ತೊಮ್ಮೆ ಸುತ್ತೋಲೆ ಕಳಿಸ್ತಾರಂತೆ.”

“ಇಂಗ್ಲಿಷಿನಲ್ಲಾ?”

“ಇಂಗ್ಲಿಷಿನಲ್ಲೇ,” ಎಂದೆ.

ಸ್ವಪ್ನಿಲ್ ಗೋಡೆ ಹಿಡಿದು ಎದ್ದು ನಿಂತ. ತನ್ನ ಫೋನು ಕೇಳಿದ, ಹರ್ಷದಾ ತಂದು ಕೊಟ್ಟಳು. ಒಂದು ನಂಬರು ಒತ್ತಿ ಹಿಂದಿಯಲ್ಲಿ ಮಾತಾಡಿದ. ಸೀಟಿನ ಕೆಳಗಿನ ಕ್ಯಾನು ತೆಗೆ, ಈಗಲೇ ತೆಗೆ, ಯಾಕೆ ಅಂದರೆ ಸೀಟು ಕೆಳಗೆ ಇಳಿಯುತ್ತದೆ, ಇಳಿಯದಿದ್ದರೆ ಬೆನ್ನು ಮುರಿಯುತ್ತದೆ, ನಿನ್ನ ಗಾಡಿಯವರಿಗೆಲ್ಲ ಹೇಳು. ಅರ್ಧ ನಿಮಿಷವೂ ಆಗಲಿಲ್ಲ. ಇನ್ನೊಂದು ನಂಬರು. ಮತ್ತೊಂದು. ಮೂರು ವರ್ಷದಲ್ಲಿ ಮುನ್ನೂರು ಪುಟ ಮಾಡದ ಕೆಲಸವನ್ನು ಅವನು ಕುಂಟುತ್ತ ನಿಂತು ಮಾಡುತ್ತಿದ್ದ. ನೋಡುತ್ತ ನನಗೆ ಮೊದಲ ಸಲ ಎದೆ ಒಂದಿಷ್ಟು ಹಗುರವಾಯಿತು.

ನಾಲ್ಕನೆಯ ಫೋನಿನಲ್ಲಿ ಆಚೆಯವನು ಏನೋ ಕೇಳಿದ. ಸ್ವಪ್ನಿಲ್ ಫೋನನ್ನು ಸ್ಪೀಕರಿಗೆ ಹಾಕಿ ನನ್ನ ಕಡೆ ಹಿಡಿದ.

“ಇವನು ರೇಣು, ನಿಮ್ಮ ಕನ್ನಡದವನು, ಅಥಣಿ ಕಡೆ. ನಾಳೆ ಬೆಳಿಗ್ಗೆ ಗಾಡಿ ತಗೊಂಡು ಕಾಡಿಗೆ ಹೊರಡ್ತಾನೆ. ಇವನ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ ಮ್ಯಾಡಂ. ನೀವೇ ಹೇಳಿ.”

“ನಮಸ್ಕಾರ್ರಿ ಮೇಡಂ,” ಎಂದಿತು ಫೋನು. ಇಪ್ಪತ್ತೈದು ದಾಟಿರದ ದನಿ. “ಸ್ವಪ್ನಿಲ್ ಹೇಳಿದ್ದು ತಿಳೀತ್ರಿ. ಕ್ಯಾನ್ ಈಗ ತಗದ್ಬಿಡ್ತೀನ್ರಿ. ಆದ್ರ ಇಲ್ಲಿ ಬಿಸ್ಲು ಭಾಳ ಅದ್ರಿ, ಏಳು ಮಂದಿ ಇದ್ದೀವ್ರಿ. ಹಂಗಾರ ನೀರು ಎಲ್ಲಿ ಇಡೂಣ್ರಿ?”

ಅಂಗಳದಲ್ಲಿ ಸ್ವಪ್ನಿಲನ ತಾಯಿ ಹಂಡೆಗೆ ಕೊಡ ಬಗ್ಗಿಸುತ್ತಿದ್ದರು. ಆ ಗಾಡಿಯ ಒಂದೊಂದು ಇಂಚೂ ನನಗೆ ಬಾಯಿಪಾಠ. ಬಾಗಿಲಿನಿಂದ ಶುರುಮಾಡಿ, ಎಡಗೋಡೆ, ಬಲಗೋಡೆ, ಚಾಲಕನ ಹಿಂದೆ, ಚಾವಣಿ, ಎಲ್ಲ ಮನಸ್ಸಿನಲ್ಲೇ ಹುಡುಕಿದೆ. ಕ್ಯಾನು ಇಡುವಷ್ಟು ಜಾಗ ಎಲ್ಲೂ ಇರಲಿಲ್ಲ.

“ಮೇಡಂ? ಕೇಳಸ್ತದೇನ್ರಿ?”

ಸ್ವಪ್ನಿಲ್ ಫೋನು ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದ. ಕೇಳಿಸುತ್ತದೆ ಎಂದು ಮಾತ್ರ ಹೇಳಿದೆ.